ಫ್ರಾಂಕ್ ಸ್ಪ್ರೇಗ್: ಪಡೆದ ಶಕ್ತಿಯನ್ನು ಮರಳಿಸಿದ ಸಾಧಕ

ವಿದ್ಯುತ್ ಸಾರಿಗೆಯ ಇತಿಹಾಸದಲ್ಲಿ ಫ್ರಾಂಕ್ ಜೂಲಿಯನ್ ಸ್ಪ್ರೇಗ್ ಅವರದು ಚಿರಸ್ಮರಣೀಯವಾದ ಹೆಸರು. ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯದ ಮಿಲ್ಫರ್ಡ್ ಎಂಬಲ್ಲಿ 1857ರ ಜುಲೈ 25ರಂದು ಜನಿಸಿದ ಇವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು ಸೋದರತ್ತೆಯ ಆಶ್ರಯದಲ್ಲಿ ಬೆಳೆದರು. 1878ರಲ್ಲಿ ನೌಕಾ ಅಕಾಡೆಮಿಯ ಶಿಕ್ಷಣವನ್ನು ಪೂರೈಸಿ, 1883ರಲ್ಲಿ ಥಾಮಸ್ ಎಡಿಸನ್ ಅವರ ಬಳಿ ಸೇರಿದರು. ಎಡಿಸನ್ ಅವರ ಒಲವು ದೀಪದ ಕಡೆಗೆ, ಸ್ಪ್ರೇಗ್ ಅವರ ಒಲವು ಮೋಟಾರಿನ ಕಡೆಗೆ. ಹೀಗಾಗಿ ಮರುವರ್ಷವೇ ಹೊರಬಂದು ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು.

ಓಡುವ ಬಂಡಿಯನ್ನು ಬ್ರೇಕು ಒತ್ತಿ ನಿಲ್ಲಿಸಿದಾಗ ಅದರ ಚಲನಶಕ್ತಿಯೆಲ್ಲ ಶಾಖವಾಗಿ ವ್ಯರ್ಥವಾಗುತ್ತದೆ. ಆದರೆ ಚಕ್ರಗಳೇ ಮೋಟಾರನ್ನು ತಿರುಗಿಸುವಂತಾದರೆ ಅದೇ ಮೋಟಾರು ಜನರೇಟರ್ ಆಗಿ ವಿದ್ಯುತ್ತನ್ನು ಉತ್ಪಾದಿಸುತ್ತದೆ, ಬಂಡಿಯ ವೇಗವೂ ತಗ್ಗುತ್ತದೆ. ಈ ವಿದ್ಯುತ್ತನ್ನು ಮೂಲ ತಂತಿಗೇ ಮರಳಿಸುವ ವಿಧಾನವನ್ನು ಸ್ಪ್ರೇಗ್ ಅವರು 1880ರ ದಶಕದಲ್ಲಿ ರೂಪಿಸಿದರು. 1888ರಲ್ಲಿ ಏರುತಗ್ಗುಗಳ ನಗರವಾದ ರಿಚ್ಮಂಡ್‌ನಲ್ಲಿ ಸುಮಾರು 40 ಟ್ರಾಮುಗಳನ್ನು ಓಡಿಸಿ ಲೋಕವಿಖ್ಯಾತರಾದರು. ಬಳಿಕ ವಿದ್ಯುತ್ ಲಿಫ್ಟುಗಳನ್ನೂ, 1897ರಲ್ಲಿ ಹಲವು ಬೋಗಿಗಳ ಮೋಟಾರುಗಳನ್ನು ಒಬ್ಬನೇ ಚಾಲಕ ನಿಯಂತ್ರಿಸುವ ವ್ಯವಸ್ಥೆಯನ್ನೂ ಸಿದ್ಧಪಡಿಸಿದರು. 1934ರ ಅಕ್ಟೋಬರ್ 25ರಂದು ಅವರು ಕಾಲವಶರಾದರು.

ಮರಳಿ ಬಂದ ಶಕ್ತಿಯ ನಿರ್ವಹಣೆ ಸುಲಭವಲ್ಲ. ಅದೇ ವೇಳೆಗೆ ಸಮೀಪದಲ್ಲಿ ಇನ್ನೊಂದು ರೈಲು ವೇಗವನ್ನು ಪಡೆಯುತ್ತಿದ್ದರೆ ಅದು ಈ ಶಕ್ತಿಯನ್ನು ಸ್ವೀಕರಿಸುತ್ತದೆ. ಸ್ವೀಕರಿಸುವವರಿಲ್ಲದಿದ್ದರೆ ತಂತಿಯ ವೋಲ್ಟೇಜು ಮಿತಿಮೀರುತ್ತದೆ. ಆಗ ಹೆಚ್ಚುವರಿ ಶಕ್ತಿಯನ್ನು ರೋಧಕಗಳಲ್ಲಿ ಶಾಖವಾಗಿಸಿ ಕಳೆಯಬೇಕು, ಇಲ್ಲವೆ ಬ್ಯಾಟರಿಯಲ್ಲಿ ಸಂಗ್ರಹಿಸಬೇಕು, ಇಲ್ಲವೆ ಪರಿವರ್ತಕದ ಮೂಲಕ ವಿದ್ಯುಜ್ಜಾಲಕ್ಕೆ ಕಳುಹಿಸಬೇಕು.

2011ರಲ್ಲಿ ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿಯೂ, 2022ರ ನವೆಂಬರಿನಲ್ಲಿ ಮೈಸೂರು-ಚೆನ್ನೈ ನಡುವೆ ಸಂಚಾರವನ್ನು ಆರಂಭಿಸಿದ ವಂದೇ ಭಾರತ್ ರೈಲಿನಲ್ಲಿಯೂ ಇದೇ ತತ್ತ್ವವು ಕಾರ್ಯಗತವಾಗಿದೆ. ಲಕ್ಷ್ಮೀಪುರಂನ ನಮ್ಮ ವಿದ್ಯಾರ್ಥಿಯು ಮೈಸೂರು ನಿಲ್ದಾಣಕ್ಕೆ ಬಂದು ನಿಲ್ಲುವ ಆ ರೈಲನ್ನು ಕಂಡಾಗ, ನಿಲ್ಲುವ ಗಳಿಗೆಯಲ್ಲಿಯೂ ಅದು ತಾನು ಪಡೆದುದರ ಒಂದಂಶವನ್ನು ತಂತಿಗೆ ಹಿಂದಿರುಗಿಸುತ್ತಿದೆಯೆಂಬುದನ್ನು ಅರಿಯಬೇಕು.

ಕಾಯಕದಿಂದ ಪಡೆದುದನ್ನು ಸಮಾಜಕ್ಕೆ ಅರ್ಪಿಸುವುದೇ ದಾಸೋಹವೆಂದು ಶರಣರು ಬದುಕಿ ತೋರಿದರು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ವಿದ್ಯಾಲಯಕ್ಕೆ ಮರಳಿಸುತ್ತಿರುವುದು ಅಂತಹ ಶಕ್ತಿಯೇ ಆಗಿದೆ. ಅದು ವ್ಯರ್ಥವಾಗದಂತೆ ಸ್ವೀಕರಿಸಿ, ಮುಂದಿನ ಪೀಳಿಗೆಯ ಏಳಿಗೆಗೆ ವಿನಿಯೋಗಿಸುವ ಹೊಣೆ ಅಧ್ಯಾಪಕರದೂ ವಿದ್ಯಾರ್ಥಿಗಳದೂ ಆಗಿದೆ.