ಹಡಗು ಸುಟ್ಟರೂ ಹೆದರದ ವ್ಯಾಲೇಸ್

ಡಾರ್ವಿನ್ ಹೆಸರು ನಾವೆಲ್ಲ ಕೇಳಿದ್ದೇವೆ. ಜೀವವಿಕಾಸದ ಅದೇ ವಿಚಾರವನ್ನು ದೂರದ ದ್ವೀಪವೊಂದರಲ್ಲಿ ಜ್ವರದಿಂದ ನಡುಗುತ್ತಾ ಮಲಗಿದ್ದಾಗ ಸ್ವಂತವಾಗಿ ಕಂಡುಕೊಂಡ ಇನ್ನೊಬ್ಬರು ಇದ್ದರು. ಅವರೇ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್. ಈ ಸಲ ನಾನು ಅವರ ಬಗ್ಗೆ ಬರೀತೀನಿ. ವಿಚಾರಕ್ಕಿಂತ ಅವರು ಪಟ್ಟ ಪಾಡೇ ನನಗೆ ಹೆಚ್ಚು ಹಿಡಿಸಿತು.

ಅವರು ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್ ದೇಶದ ಅಸ್ಕ್ ಎಂಬ ಊರಿನಲ್ಲಿ. ಮನೆಯಲ್ಲಿ ಕಾಸಿಲ್ಲದೆ 14ನೇ ವಯಸ್ಸಿಗೇ ಶಾಲೆ ಬಿಟ್ಟರು. ಅಣ್ಣನ ಜೊತೆ ಹೊಲ ಗದ್ದೆ ಅಳೆಯುವ ಸರ್ವೆ ಕೆಲಸ ಮಾಡುತ್ತಾ ಗಿಡ, ಹುಳ ನೋಡುವ ಹುಚ್ಚು ಹಿಡಿಯಿತು. 1848ರಲ್ಲಿ ಬೇಟ್ಸ್ ಎಂಬ ಗೆಳೆಯನ ಜೊತೆ ಬ್ರೆಜಿಲ್‌ಗೆ ಹೊರಟೇಬಿಟ್ಟರು. ಹಕ್ಕಿ, ಚಿಟ್ಟೆ, ಜೀರುಂಡೆ ಹಿಡಿದು ಲಂಡನ್ನಿಗೆ ಕಳಿಸುವುದು, ಮಾರಿ ಬಂದ ದುಡ್ಡಿನಲ್ಲಿ ಮುಂದೆ ಹೋಗುವುದು, ಇದೇ ಅವರ ಜೀವನೋಪಾಯ.

ಅಮೆಜಾನ್ ಕಾಡಿನಲ್ಲಿ ನಾಲ್ಕು ವರ್ಷ ತಿರುಗಿದರು. ಜೊತೆಗೆ ಬಂದು ಸೇರಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಪಾರಾ ಪಟ್ಟಣದಲ್ಲಿ ಹಳದಿ ಜ್ವರದಿಂದ ತೀರಿಕೊಂಡ. 1852ರಲ್ಲಿ ವ್ಯಾಲೇಸ್ ತಾವು ಕೂಡಿಸಿದ್ದನ್ನೆಲ್ಲ ಹೆಲೆನ್ ಎಂಬ ಹಡಗಿಗೆ ತುಂಬಿಕೊಂಡು ಊರಿಗೆ ಹೊರಟರು. ಆಗಸ್ಟ್ 6ರಂದು ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು! ಕೈಗೆ ಸಿಕ್ಕಿದ್ದು ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಮೀನು ಮತ್ತು ತಾಳೆ ಮರಗಳ ಕೆಲವು ಚಿತ್ರ, ಅಷ್ಟೇ. ಹಡಗಿನಲ್ಲಿದ್ದ ಅವರ ಕೋತಿ, ಗಿಳಿಗಳೆಲ್ಲ ಸತ್ತವು. ಕೂತಿದ್ದ ಹಗ್ಗ ಸುಟ್ಟು ನೀರಿಗೆ ಬಿದ್ದ ಒಂದೇ ಒಂದು ಗಿಳಿ ಬದುಕಿತು. ಸೋರುವ ದೋಣಿಯಲ್ಲಿ ನೀರು ಎತ್ತಿ ಹಾಕುತ್ತಾ ಹತ್ತು ಹಗಲು ಹತ್ತು ರಾತ್ರಿ ಕಳೆದ ಮೇಲೆ ಬೇರೊಂದು ಹಡಗು ಅವರನ್ನು ಎತ್ತಿಕೊಂಡಿತು. ಇನ್ನು ಸಮುದ್ರಕ್ಕೆ ಕಾಲಿಡಲ್ಲ ಅಂತ ನಿಶ್ಚಯ ಮಾಡಿದರು. ಎರಡೇ ವರ್ಷ ಸಾಕಾಯಿತು. 1854ರಲ್ಲಿ ಸಿಂಗಾಪುರದಲ್ಲಿ ಬಂದು ಇಳಿದರು ನೋಡಿ!

ಆಗಿನ ಸಿಂಗಾಪುರದಲ್ಲಿ ಪೇಟೆ ದಾಟಿದರೆ ಕಾಡು, ಕಾಡಿನಲ್ಲಿ ಹುಲಿ. ದಿನಕ್ಕೊಬ್ಬ ಕೂಲಿಯವನನ್ನು ಹುಲಿ ತಿನ್ನುತ್ತದೆ ಅಂತ ಜನ ಹೇಳುತ್ತಿದ್ದರಂತೆ. ಹುಲಿ ಬೀಳಲೆಂದು ತೋಡಿ ಎಲೆ ಮುಚ್ಚಿದ ಗುಂಡಿಗಳೂ ಅಲ್ಲಲ್ಲಿ ಇದ್ದವು. ಇವರು ಅಲ್ಲೇ ಬಲೆ ಹಿಡಿದು ಜೀರುಂಡೆ ಹುಡುಕಿದರು.

ಅಂಬೋಯ್ನ ದ್ವೀಪದ ಕಥೆ ಕೇಳಿ. ಒಂದು ರಾತ್ರಿ ತಲೆ ಮೇಲಿನ ಗರಿ ಸೂರಿನಲ್ಲಿ ಸರಸರ ಸದ್ದಾಯಿತು. ಏನೋ ಇರಬೇಕು ಅಂತ ಮಲಗಿಬಿಟ್ಟರು. ಮರುದಿನ ನೋಡಿದರೆ ಹನ್ನೆರಡು ಅಡಿ ಹೆಬ್ಬಾವು ಸುತ್ತಿಕೊಂಡಿದೆ! ಬುರು ದ್ವೀಪದವನೊಬ್ಬ ಬೆತ್ತದ ಕುಣಿಕೆ ಹಾಕಿ ಅದನ್ನು ಎಳೆದು ಹಾಕಿದ.

ಬೋರ್ನಿಯೊದ ಕಥೆ ಮಾತ್ರ ನನಗೆ ಬೇಸರ ತಂದಿತು. ಅಲ್ಲಿ ಒಂದು ಒರಾಂಗುಟಾನ್ ತಾಯಿಯನ್ನು ಅವರೇ ಗುಂಡು ಹೊಡೆದು ಕೊಂದರು. ಅದರ ಹಲ್ಲು ಬಾರದ ಮರಿ ಕೆಸರಿನಲ್ಲಿ ಬಿದ್ದಿತ್ತು. ಮರಿಯನ್ನು ಮನೆಗೆ ತಂದು ಗಂಜಿ ನೀರು, ಸಕ್ಕರೆ, ತೆಂಗಿನ ಹಾಲು ಕುಡಿಸಿದರು. ಅದು ಅವರ ಗಡ್ಡ ಹಿಡಿದುಕೊಂಡರೆ ಬಿಡುತ್ತಲೇ ಇರಲಿಲ್ಲ. ತಬ್ಬಿಕೊಳ್ಳಲಿ ಅಂತ ಎಮ್ಮೆ ಚರ್ಮದ ಸುರುಳಿ ಮಾಡಿ ಕೊಟ್ಟರು. ಸುಮಾರು ಮೂರು ತಿಂಗಳಿಗೆ ಮರಿ ಸತ್ತಿತು. ಸಾಕಿದ್ದೂ ನಿಜ, ತಾಯಿಯನ್ನು ಕೊಂದಿದ್ದೂ ನಿಜ. ಎರಡನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಎಂಟು ವರ್ಷದಲ್ಲಿ 14,000 ಮೈಲಿ ತಿರುಗಿ 1,25,660 ಜೀವಿಗಳನ್ನು ಕೂಡಿಸಿದರು. ಅದರಲ್ಲಿ ಜೀರುಂಡೆಗಳೇ 83,000ಕ್ಕೂ ಹೆಚ್ಚು! 1856ರಲ್ಲಿ ಬಾಲಿಯಿಂದ ಪಕ್ಕದ ಲೊಂಬೊಕ್ ದ್ವೀಪಕ್ಕೆ ಹೋದಾಗ ಒಂದು ವಿಚಿತ್ರ ಕಂಡರು. ಬಾಲಿಯಲ್ಲಿದ್ದ ಮರಕುಟಿಗ, ಕುಟ್ರುಹಕ್ಕಿಗಳು ಇಲ್ಲಿಲ್ಲ. ಬದಲಿಗೆ ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು. ನಡುವೆ ಇರುವುದು ಚಿಕ್ಕ ಜಲಸಂಧಿ, ಆದರೆ ತುಂಬಾ ಆಳ. ಹಿಮಯುಗದಲ್ಲಿ ಸಮುದ್ರ ತಗ್ಗಿದಾಗಲೂ ಅದು ಒಣಗಲಿಲ್ಲ, ಹಾಗಾಗಿ ಪ್ರಾಣಿಗಳು ದಾಟಲಿಲ್ಲ. ಅದಕ್ಕೇ ವ್ಯಾಲೇಸ್ ರೇಖೆ ಅಂತಾರೆ.

1858ರಲ್ಲಿ ಜ್ವರದ ನಡುವೆ ಹೊಳೆದದ್ದನ್ನು ಬರೆದು ಟೆರ್ನಾಟೆಯಿಂದ ಡಾರ್ವಿನ್ನರಿಗೆ ಕಳಿಸಿದರು. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಓದಲಾಯಿತು. ಇವರು ಅಲ್ಲಿರಲಿಲ್ಲ, ಮೊದಲೇ ಯಾರೂ ಇವರನ್ನು ಕೇಳಿರಲೂ ಇಲ್ಲ. ನಾನಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದೆ. ಅವರು 1869ರಲ್ಲಿ ತಮ್ಮ ಪ್ರವಾಸದ ಪುಸ್ತಕವನ್ನು ಡಾರ್ವಿನ್ನರಿಗೇ ಅರ್ಪಿಸಿದರು.

1862ರಲ್ಲಿ ಎರಡು ಜೀವಂತ ಸ್ವರ್ಗಪಕ್ಷಿಗಳನ್ನು ಸಿಂಗಾಪುರದಲ್ಲಿ ಕೊಂಡು ಊರಿಗೆ ಹೊರಟರು. ಬಾಳೆಹಣ್ಣಿಗಾಗಿ ಬೊಂಬಾಯಿಯಲ್ಲಿ ಒಂದು ವಾರ ನಿಂತರು. ಹಕ್ಕಿಗಳಿಗೆ ಜಿರಳೆ ಅಂದರೆ ಪ್ರಾಣ. ಹಡಗಿನಲ್ಲಿ ರಾತ್ರಿ ಎದ್ದು ಜಿರಳೆ ಹಿಡಿಯುತ್ತಿದ್ದರು, ಅದೂ ಸಾಲಲಿಲ್ಲ. ಮಾಲ್ಟಾದ ಬೇಕರಿಯೊಂದರಲ್ಲಿ ಬೇಕಾದಷ್ಟು ಸಿಕ್ಕವು, ಡಬ್ಬಿಗಟ್ಟಲೆ ತುಂಬಿಕೊಂಡರು. ಹಕ್ಕಿಗಳು ಸುಖವಾಗಿ ಲಂಡನ್ ಸೇರಿದವು. ವ್ಯಾಲೇಸ್ 1913ರ ನವೆಂಬರ್ 7ರಂದು, 90 ದಾಟಿದ ಮೇಲೆ ತೀರಿಕೊಂಡರು.

ಇನ್ನೊಬ್ಬನ ಹೆಸರು ಹೇಳಲೇಬೇಕು. ಅಲಿ. ಸರವಾಕ್‌ನಲ್ಲಿ ಅಡಿಗೆಗೆ ಅಂತ ಸೇರಿದ ಹುಡುಗ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಹಕ್ಕಿ ಹೊಡೆಯುವುದು, ಚರ್ಮ ಸುಲಿದು ಹದ ಮಾಡುವುದು ಕಲಿತ. ವ್ಯಾಲೇಸ್ ಹೆಸರು ಹೊತ್ತ ಹೊಸ ಸ್ವರ್ಗಪಕ್ಷಿಯನ್ನು ಬಚಾನ್ ದ್ವೀಪದಲ್ಲಿ ಮೊದಲು ಹೊಡೆದು ತಂದವನೂ ಅವನೇ. ಬೀಳ್ಕೊಡುವಾಗ ವ್ಯಾಲೇಸ್ ಸಿಂಗಾಪುರದಲ್ಲಿ ಅವನ ಫೋಟೋ ತೆಗೆಸಿದರು. 1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಾಮಸ್ ಬಾರ್ಬರ್ ಟೆರ್ನಾಟೆಗೆ ಹೋಗಿದ್ದಾಗ ಒಬ್ಬ ಮುದುಕ ಎದುರಿಗೆ ಬಂದು, ತಾನು ಅಲಿ ವ್ಯಾಲೇಸ್ ಎಂದು ಹೇಳಿಕೊಂಡನಂತೆ.