ಅನ್ನಾಂಗ ‘ಎ’ಯನ್ನು ಕಂಡ ಮೆಕಾಲಮ್

ಎಲ್ಮರ್ ವರ್ನರ್ ಮೆಕಾಲಮ್ ಅವರು 1879ರಲ್ಲಿ ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ ಒಕ್ಕಲುತನದ ಮನೆಯಲ್ಲಿ ಜನಿಸಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿ ಪಡೆದು, 1907ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗಶಾಲೆಯನ್ನು ಸೇರಿದರು.

ಅಲ್ಲಿ ಕೇವಲ ಗೋಧಿಯ ಮೇವು ತಿಂದ ಹಸುಗಳು ಕುರುಡಾಗುತ್ತಿದ್ದವು. ಮೆಕ್ಕೆಜೋಳದ ಮೇವು ತಿಂದವು ಪುಷ್ಟವಾಗಿದ್ದವು. ರಾಸಾಯನಿಕ ಪರೀಕ್ಷೆಯಲ್ಲಾದರೋ ಎರಡೂ ಸಮಾನ! ಈ ಒಗಟನ್ನು ಬಿಡಿಸಲು ಅಲ್ಪಾಯುಗಳಾದ ಇಲಿಗಳೇ ತಕ್ಕವೆಂದು ಅವರು ಬಗೆದರು. ರೈತನ ವೈರಿಯನ್ನು ಸಾಕಲು ಮೇಲಧಿಕಾರಿ ಸಮ್ಮತಿಸದಿರಲು, ಸ್ವಂತ ಹಣದಿಂದ ಬಿಳಿ ಇಲಿಗಳನ್ನು ಕೊಂಡರು. ಮಾರ್ಗರೈಟ್ ಡೇವಿಸ್ ಎಂಬ ತರುಣಿ ವರ್ಷಗಟ್ಟಲೆ ವೇತನವಿಲ್ಲದೆ ಅವುಗಳ ಪಾಲನೆಗೆ ನಿಂತರು.

ಹಂದಿಯ ಕೊಬ್ಬು, ಆಲಿವ್ ಎಣ್ಣೆಗಳನ್ನುಂಡ ಇಲಿಗಳ ಬೆಳವಣಿಗೆ ಕುಂಠಿತವಾಯಿತು. ಬೆಣ್ಣೆಯ ಅಥವಾ ಮೊಟ್ಟೆಯ ಹಳದಿಯ ಕೊಬ್ಬಿನಂಶ ದೊರೆತೊಡನೆ ಅವು ಮತ್ತೆ ಬೆಳೆದವು. 1913ರಲ್ಲಿ ಇಬ್ಬರೂ ಪ್ರಕಟಿಸಿದ ಈ ಸಂಗತಿಯೇ ಅನ್ನಾಂಗ ‘ಎ’ಯ ಶೋಧ. ಹಸಿರೆಲೆಗಳಲ್ಲಿಯೂ ಆ ಗುಣವಿರುವುದನ್ನು ಮೆಕಾಲಮ್ ಮುಂದೆ ತೋರಿದರು. ಸೊಪ್ಪು, ಗಜ್ಜರಿ, ಪರಂಗಿ ಹಣ್ಣುಗಳ ಕೆರೋಟಿನ್ ದೇಹದಲ್ಲಿ ಈ ಅನ್ನಾಂಗವಾಗಿ ಮಾರ್ಪಡುತ್ತದೆಂಬುದು ತರುವಾಯ ತಿಳಿಯಿತು. ಮಬ್ಬು ಬೆಳಕಿನಲ್ಲಿ ಕಣ್ಣು ಕಾಣಲು, ಚರ್ಮ ಮತ್ತು ಶ್ವಾಸನಾಳದ ಒಳಪೊರೆ ಸ್ವಸ್ಥವಾಗಿರಲು, ರೋಗವನ್ನೆದುರಿಸಲು ಅದು ಅವಶ್ಯ. ಅದರ ಕೊರತೆ ಮೊದಲು ಇರುಳುಗುರುಡನ್ನೂ, ಮೀರಿದರೆ ಶಾಶ್ವತ ಅಂಧತ್ವವನ್ನೂ ತರುತ್ತದೆ.

1917ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ತೆರಳಿದ ಮೆಕಾಲಮ್, ಹಾಲನ್ನೂ ಸೊಪ್ಪನ್ನೂ ರಕ್ಷಕ ಆಹಾರಗಳೆಂದು ಕರೆದು ಜನತೆಗೆ ಬೋಧಿಸಿದರು. 1922ರಲ್ಲಿ ಅನ್ನಾಂಗ ‘ಡಿ’ಯನ್ನು ಬೇರ್ಪಡಿಸಿ ಗುರುತಿಸಿದ ಕೀರ್ತಿಯಲ್ಲಿಯೂ ಅವರು ಪಾಲುದಾರರು. 1967ರಲ್ಲಿ ಅವರು ಕಾಲವಶರಾದರು. ಹಿತ್ತಲ ಸೊಪ್ಪಿನ ಒಂದು ಹಿಡಿಯಿಂದ ಮಕ್ಕಳ ಕಣ್ಣುಳಿಯಬಲ್ಲದೆಂಬ ಅರಿವು ಅವರ ಸಾಧನೆಯ ಫಲ. ಆ ಅರಿವನ್ನು ಮನೆಮನೆಯ ಎಡೆಗೆ ತಲುಪಿಸುವುದೇ ಅವರಿಗೆ ಸಲ್ಲುವ ನಿಜವಾದ ಗೌರವ.