ಅಡಿಕೆಯ ಕೊಳೆರೋಗಕ್ಕೆ ಮದ್ದು ತೋರಿದ ಕೋಲ್ಮನ್

ವಜ್ರಳ್ಳಿ (ಯಲ್ಲಾಪುರ): ಮುಂಗಾರು ಸಮೀಪಿಸುತ್ತಿದ್ದಂತೆ ಈ ಭಾಗದ ಅಡಿಕೆ ತೋಟಗಳಲ್ಲಿ ಮೈಲುತುತ್ತು ಮತ್ತು ಸುಣ್ಣ ಬೆರೆಸುವ ಕಾರ್ಯ ಆರಂಭವಾಗುತ್ತದೆ. ಕೊನೆಗೌಡರು ಮರವೇರಿ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಶತಮಾನದ ಹಿಂದೆ ಅಡಿಕೆ ಬೆಳೆಗಾರರಿಗೆ ಈ ಮದ್ದಿನ ದಾರಿ ತೋರಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದ ಕೋಲ್ಮನ್, ಟೊರಾಂಟೊ ಹಾಗೂ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದರು. 1908ರಲ್ಲಿ ಮೈಸೂರು ಸಂಸ್ಥಾನದ ಶಿಲೀಂಧ್ರ ಹಾಗೂ ಕೀಟತಜ್ಞರಾಗಿ ಬಂದರು. ಆಗ ಮಲೆನಾಡಿನ ಬೆಳೆಗಾರರನ್ನು ಕಾಡುತ್ತಿದ್ದುದು ಕೊಳೆರೋಗ. ಎಡೆಬಿಡದ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಿ, ವರ್ಷದ ದುಡಿಮೆ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತಿತ್ತು. ಕೊನೆಗೆ ಕೊಟ್ಟೆ ಕಟ್ಟುವುದೇ ಹಿರಿಯರು ಕಂಡುಕೊಂಡಿದ್ದ ರಕ್ಷಣೆಯಾಗಿತ್ತು.

1910ರಲ್ಲಿ ಪ್ರಕಟವಾದ ಕೋಲ್ಮನ್ ಅವರ ವರದಿ ರೋಗಕ್ಕೆ ಫೈಟಾಫ್ತೊರಾ ಕುಲದ ಜೀವಿ ಕಾರಣವೆಂದು ಗುರುತಿಸಿತು. ಕೊಳೆರೋಗ ಎಂಬ ಕನ್ನಡ ಪದ ಆ ವರದಿಯ ಶೀರ್ಷಿಕೆಯಲ್ಲಿಯೇ ಇದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡಿದ್ದ ಬೋರ್ಡೋ ದ್ರಾವಣವನ್ನು ಅವರು ಅಡಿಕೆಗೆ ಅಳವಡಿಸಿದರು.

ಅಂದು ಶಿಲೀಂಧ್ರವೆನಿಸಿದ್ದ ಈ ಜೀವಿ ಪಾಚಿಯ ವಂಶಕ್ಕೆ ಹತ್ತಿರವಾದುದೆಂದು ಈಗ ತಿಳಿದಿದೆ. ನೀರು ತಂಪಾದಾಗ ಇದರ ಬೀಜಾಣು ಚೀಲ ಒಡೆದು, ಈಜಬಲ್ಲ ಬೀಜಾಣುಗಳು ಹೊರಬರುತ್ತವೆ. ಅವುಗಳ ಈಜು, ನೆಲೆಯೂರುವಿಕೆ ಮತ್ತು ಮೊಳೆಯುವಿಕೆಯಲ್ಲಿ ಕೋಶದೊಳಗಿನ ಕ್ಯಾಲ್ಸಿಯಂ ಸಂಕೇತಗಳ ಪಾತ್ರವಿದೆ. ಸ್ಟೆರಾಲ್ ಎಂಬ ಕೊಬ್ಬಿನ ವಸ್ತುವನ್ನು ಸ್ವತಃ ತಯಾರಿಸಲಾಗದೆ, ಸಂತಾನೋತ್ಪತ್ತಿಗಾಗಿ ಅದನ್ನು ಹೊರಗಿನಿಂದಲೇ ಪಡೆಯುತ್ತದೆ. ಈ ಕುಲದ ಎರಡು ಸಂಗಮ ವರ್ಗಗಳು ಪರಸ್ಪರ ಕಳುಹಿಸುವ ಹಾರ್ಮೋನುಗಳ ರಚನೆಯನ್ನು ಜಪಾನಿನ ವಿಜ್ಞಾನಿಗಳು 2005 ಮತ್ತು 2011ರಲ್ಲಿ ಬಿಡಿಸಿದರು. ಸಸ್ಯದ ಪತ್ರಹರಿತ್ತಿನ ಭಾಗವಾದ ಫೈಟಾಲ್ ಅವುಗಳ ಮೂಲದ್ರವ್ಯ. ಅಂದರೆ ಬೆಳೆಯ ಸತ್ವವೇ ವೈರಿಯ ವಂಶವೃದ್ಧಿಗೆ ಸಂಕೇತವಾಗುತ್ತದೆ.

ಈ ಒಳಗುಟ್ಟು ತಿಳಿಯದ ಕಾಲದಲ್ಲಿಯೇ ಕೋಲ್ಮನ್ ತೋರಿದ ಕ್ರಮ ಇಂದಿಗೂ ಉಳಿದಿದೆ. ತಾಮ್ರದ ಲೇಪ ಬೀಜಾಣುಗಳನ್ನು ಕಾಯಿಯ ಮೇಲೆಯೇ ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಗುಣಪಡಿಸದು. ಆದ್ದರಿಂದಲೇ ಮಳೆಗೆ ಮುನ್ನ ಒಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು ಮತ್ತು ಸುಣ್ಣ ಇದರ ಪ್ರಮಾಣ.

ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದ ಕೋಲ್ಮನ್ ಅವರ ಕಾಲದಲ್ಲಿ 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ತಲೆಯೆತ್ತಿದವು. ನಿವೃತ್ತಿಯ ನಂತರ ಕೆನಡಾಕ್ಕೆ ಮರಳಿ ವರ್ಣತಂತುಗಳ ಅಧ್ಯಯನದಲ್ಲಿ ತೊಡಗಿದ ಅವರು 1954ರಲ್ಲಿ ನಿಧನರಾದರು.

ಯಲ್ಲಾಪುರ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕೋಲ್ಮನ್ ಅವರ ಅಧಿಕಾರ ಇಲ್ಲಿಗೆ ತಲುಪಿರಲಿಲ್ಲ. ಆದರೂ ಅವರು ತೋರಿದ ಮದ್ದು ಗಡಿ ದಾಟಿ ಬಂದು, ಇಲ್ಲಿನ ತೋಟಗಳ ಮಳೆಗಾಲದ ವಾಡಿಕೆಯಾಗಿದೆ.